ಬೆಲೆ ಹೇಳೋಕೆ ಮುಜುಗರ ಬೇಡ

ಪ್ರಶ್ನೆ: ಹನ್ನೊಂದು ವರ್ಷದಿಂದ ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದೇನೆ. ಆರ್ಡರ್‌ಗೆ ಕೊರತೆ ಇಲ್ಲ, ಆದರೆ ತಿಂಗಳ ಕೊನೆಗೆ ಕೈ ಖಾಲಿ. "ಎಷ್ಟಾಗುತ್ತೆ?" ಅಂತ ಕೇಳಿದ ಕೂಡಲೇ ಬಾಯಿಗೆ ಬಂದಷ್ಟು ಹೇಳಿ, ಅದರಲ್ಲೂ ಚೌಕಾಸಿಗೆ ಒಪ್ಪಿಬಿಡುತ್ತೇನೆ. ನನಗೆ ವ್ಯಾಪಾರ ಒಗ್ಗುವುದಿಲ್ಲವೇನೋ?
ಓದುಗರು, ಮೈಸೂರು

ಉತ್ತರ: ಖಂಡಿತ ಒಗ್ಗುತ್ತದೆ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಮುಂದಿನ ಚಿತ್ರಕ್ಕೆ ದಿನಾ ಎಷ್ಟು ಹೊತ್ತು ಕೂತಿರಿ ಅಂತ ಬರೆದಿಡಿ. ರೇಖೆ, ಗೆಸ್ಸೋ (ಉಬ್ಬು ಬರಲು ಹಚ್ಚುವ ಲೇಪ) ಕೆಲಸ, ಚಿನ್ನದ ರೇಕು ಅಂಟಿಸಿದ್ದು, ಬಣ್ಣ, ಕೊನೆಗೆ ಕಣ್ಣು ತಿದ್ದಿದ್ದು, ಫ್ರೇಮ್ ಅಂಗಡಿಗೆ ಓಡಾಡಿದ್ದು, ಎಲ್ಲವೂ. ನಮ್ಮಲ್ಲಿ ಬಹಳ ಜನ ರೇಕಿನ ಬಿಲ್ಲು, ಫ್ರೇಮಿನ ಬಿಲ್ಲು ಕೂಡಿಸಿ ಮೇಲೊಂದಿಷ್ಟು ಸೇರಿಸಿ ಅದೇ ಬೆಲೆ ಅನ್ನುತ್ತೇವೆ, ನಮ್ಮ ದಿನಗಳನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ದುಡ್ಡು ಸೋರುವುದು ಅಲ್ಲೇ.

ಉದಾಹರಣೆಗೆ, 20 ದಿನದ ಕೆಲಸ, ದಿನಕ್ಕೆ 900 ರೂಪಾಯಿ ಅಂತ ಹಿಡಿದರೆ 18,000. ಸಾಮಾನು 7,000. ಒಟ್ಟು 25,000, ಇದಕ್ಕಿಂತ ಕೆಳಗೆ ಇಳಿಯಬೇಡಿ. ಗ್ಯಾಲರಿ ಮೂಲಕ ಮಾರುವಾಗ ಇನ್ನೂ ಹುಷಾರಾಗಿರಿ. ಅವರು 30% ಕಮಿಷನ್ ಹಿಡಿದರೆ, ನೀವು 25,000ಕ್ಕೆ 30% ಸೇರಿಸಿ 32,500 ಅಂದರೆ, ಕಮಿಷನ್ ಆ 32,500ರ ಮೇಲೇ ಹೋಗುವುದರಿಂದ ಕೈಗೆ ಬರುವುದು 22,750 ಮಾತ್ರ. 25,000 ಪೂರ್ತಿ ಬರಬೇಕಾದರೆ ಬೆಲೆ ಸುಮಾರು 35,700 ಇರಬೇಕು.

ಗಿರಾಕಿ "ರೇಟು ಜಾಸ್ತಿ ಆಯ್ತು" ಅಂದರೆ ಬೆಲೆ ಇಳಿಸಬೇಡಿ, ಚಿತ್ರದ ಅಳತೆ ಇಳಿಸಿ. "ಅಷ್ಟಕ್ಕೆ ಈ ಸೈಜಿನದು ಮಾಡಿಕೊಡ್ತೀನಿ" ಅನ್ನಿ, ಬೇಜಾರಿಲ್ಲದೆ ಮಾತು ಮುಗಿಯುತ್ತದೆ. ಅರ್ಧ ಅಡ್ವಾನ್ಸ್ ಕೈಗೆ ಬರದೆ ಕುಂಚ ಮುಟ್ಟಬೇಡಿ, ನೆಂಟರಾದರೂ ಸರಿ. ಮುಜುಗರ ಹೋಗಬೇಕಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಒಂದು ಮಳಿಗೆಗೆ ಅರ್ಜಿ ಹಾಕಿ. ಕುಮಾರಕೃಪಾ ರಸ್ತೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಬಂದವರಿಗೆಲ್ಲ ಬೆಲೆ ಹೇಳಿ ಹೇಳಿ ನಾಲಿಗೆ ಪಳಗುತ್ತದೆ.

ಪ್ರಶ್ನೆ: ದುಡ್ಡು ಕೊಟ್ಟು ನನ್ನಿಂದ ಚಿತ್ರ ಬರೆಸಿಕೊಂಡವರು ಅದನ್ನೇ ತಮ್ಮ ಅಂಗಡಿಯ ಕ್ಯಾಲೆಂಡರಿಗೆ ಹಾಕಿಸಿದ್ದಾರೆ. ನನ್ನನ್ನು ಕೇಳಲೇ ಇಲ್ಲ, ಹೆಸರೂ ಹಾಕಿಲ್ಲ. ಇದು ತಪ್ಪಲ್ವಾ?
ಓದುಗರು, ಧಾರವಾಡ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಅಚ್ಚು ಹಾಕಿಸಿದ ವಿಷಯದಲ್ಲಿ ಕಾನೂನು ಅವರ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ನಿಮ್ಮಷ್ಟಕ್ಕೆ ಬರೆದು ಆಮೇಲೆ ಮಾರಿದ ಚಿತ್ರ ಹಾಗಲ್ಲ. ಅದು ಕೊಂಡವರ ಗೋಡೆ ಸೇರಿದರೂ ಕಾಪಿರೈಟ್ ನಿಮ್ಮದೇ, ನೀವಾಗಿ ಕಾಗದದ ಮೇಲೆ ಬಿಟ್ಟುಕೊಡುವವರೆಗೆ.

ಇನ್ನು ಮುಂದೆ ಅಡ್ವಾನ್ಸ್ ರಸೀದಿಯಲ್ಲೇ ಎರಡು ಸಾಲು ಬರೆಯಿರಿ: "ಕಾಪಿರೈಟ್ ಕಲಾವಿದರದ್ದು. ಅಚ್ಚು ಹಾಕಿಸಲು ಬೇರೆ ಒಪ್ಪಿಗೆ ಬೇಕು." ಅವರ ಸಹಿ ತಗೊಳ್ಳಿ. ಹೆಸರಿನ ವಿಷಯ ಬೇರೆ. ಕಾಪಿರೈಟ್ ಯಾರದ್ದೇ ಆಗಿರಲಿ, ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ನಿಮಗೇ ಬಿಟ್ಟಿದೆ. ಮುಂದಿನ ವರ್ಷದ ಕ್ಯಾಲೆಂಡರ್ ಅಚ್ಚಿಗೆ ಹೋಗುವ ಮುಂಚೆ ಹೋಗಿ ಕೇಳಿ.