ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸುವಷ್ಟು ಚಿಕ್ಕದಾದ, ಕೈಗೆ ಒದೆಯದ ಪಿಸ್ತೂಲು ಯಾವುದು? .380 ತೋಟೆಯದು ಸಾಕೋ, 9 ಎಂಎಂ ತೋಟೆಯದು ಬೇಕೋ?

ಟೆಕ್ಸಾಸು, ಈಗಷ್ಟೇ ಕೈಗೆ ಬಂದ ಗ್ರೀನ್ ಕಾರ್ಡು, ರಾತ್ರಿ ಒಬ್ಬರೇ ಅಂಗಡಿ ಬಾಗಿಲು ಹಾಕುವ ಕೆಲಸ. ನಿಮ್ಮ ಪ್ರಶ್ನೆ ಓದಿ, 2018ರಲ್ಲಿ ನಾನೇ ಬರೆದು ಮರೆತದ್ದೇನೋ ಅಂದುಕೊಂಡೆ.

ನನ್ನ ಗಂಡ ಐಟಿ ಕೆಲಸ ಬಿಟ್ಟು ಡಲ್ಲಾಸಿನ ಹೊರವಲಯದಲ್ಲಿ ಒಂದು ಸಣ್ಣ ಇಂಡಿಯನ್ ಗ್ರಾಸರಿ ಅಂಗಡಿ ತೆಗೆದುಕೊಂಡಿದ್ದರು. ವಾರಕ್ಕೆ ನಾಲ್ಕು ದಿನ ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುವವಳು ನಾನು. ಗಲ್ಲಾದ ದುಡ್ಡು ಕವರಿನಲ್ಲಿ, ಕವರು ಬ್ಯಾಗಿನಲ್ಲಿ, ಕಾರು ಅಂಗಡಿಯ ಹಿಂದೆ. ಅಲ್ಲೊಂದು ದೀಪ, ಮನಸ್ಸಿದ್ದರೆ ಉರಿಯುತ್ತಿತ್ತು. ಪಕ್ಕದ ಲಾಂಡ್ರಿಯವರಿಗೆ ಯಾರೋ ಚಾಕು ತೋರಿಸಿ ಗಲ್ಲಾ ಬರಿದು ಮಾಡಿಸಿಕೊಂಡು ಹೋದ ಮೇಲೆ ನಮ್ಮ ಮನೆಯಲ್ಲೂ ಮಾತು ಎದ್ದಿತು.

ಇಲ್ಲಿ ನನ್ನ ಕೊಬ್ಬಿನ ವಿಷಯ ಹೇಳಲೇಬೇಕು. ನಾನು ಕೊಡಗಿನವಳು. ನಮ್ಮದು ಜಮ್ಮಾ ಭೂಮಿಯ (ಕೊಡಗಿನ ಪರಂಪರಾಗತ ಹಿಡುವಳಿಯ) ಮನೆ, ಕೋವಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಮುಂದುವರಿಸಿದ್ದಾರೆ. ನಮ್ಮ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ದೊಡ್ಡಪ್ಪ ಜೋಡು ನಳಿಗೆಯ ಕೋವಿಯನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆಗಿಡುತ್ತಿದ್ದರು. ಸಂಜೆ ಮೈದಾನದಲ್ಲಿ ತೆಂಗಿನಕಾಯಿಗೆ ಈಡು. ಹದಿನೇಳನೇ ವಯಸ್ಸಿಗೆ ಎರಡು ಸಲ ಕಾಯಿ ಒಡೆದವಳು ನಾನು. ಅಂಥವಳಿಗೆ ಈ ಅಂಗೈಯಗಲದ ಪಿಸ್ತೂಲು ಏನು ಮಹಾ, ಅನ್ನುವ ಧಿಮಾಕಿನಲ್ಲೇ ಅಂಗಡಿಗೆ ಹೋದೆ.

ಗಾಜಿನ ಕಪಾಟಿನ ಹಿಂದೆ ನಿಂತಿದ್ದವನು ನನ್ನನ್ನೊಮ್ಮೆ, ನನ್ನ ಬ್ಯಾಗನ್ನೊಮ್ಮೆ ನೋಡಿದ. ನಾನು ಬಾಯಿ ಬಿಡುವ ಮೊದಲೇ ಒಂದು ಪುಟಾಣಿ .380 ಪಿಸ್ತೂಲು ತೆಗೆದು ಬಟ್ಟೆಯ ಮೇಲಿಟ್ಟ. 'ಲೇಡೀಸ್ ಎಲ್ಲ ಇದನ್ನೇ ಒಯ್ಯುತ್ತಾರೆ.' ಎತ್ತಿ ನೋಡಿದರೆ ಮೊಬೈಲಿಗಿಂತ ಒಂಚೂರು ಭಾರ. ಖಾಲಿ ಇದ್ದಾಗ 300 ಗ್ರಾಮಿನ ಒಳಗೇ. ಬ್ಯಾಗಿನ ಜಿಪ್ಪಿನ ಖಾನೆಗೆ ಇಳಿಸಿದೆ, ಮಾಯ. ನನಗೆ ಅಷ್ಟೇ ಸಾಕಾಯಿತು. ಬಂದೂಕು ಕೊಳ್ಳುವವರು ತುಂಬಬೇಕಾದ ಫೆಡರಲ್ ಫಾರ್ಮ್ 4473 ತುಂಬಿದೆ, ಹಿನ್ನೆಲೆ ತಪಾಸಣೆ ಆಯಿತು, ಅರ್ಧ ಗಂಟೆಯಲ್ಲಿ ಹೊರಗೆ. ಆ ಕಟ್ಟಡದ ಹಿಂಭಾಗದಲ್ಲೇ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜು ಇತ್ತು. ಅದೇ ಪಿಸ್ತೂಲು ಬಾಡಿಗೆಗೂ ಇತ್ತು. ಒಂದು ಮ್ಯಾಗಜೀನ್ (ತೋಟೆ ತುಂಬುವ ಪೆಟ್ಟಿಗೆ) ಹೊಡೆದು ನೋಡೋಣ ಅಂತ ನನಗೂ ಅನಿಸಲಿಲ್ಲ, ಅವನೂ ಹೇಳಲಿಲ್ಲ. ರಾತ್ರಿ ವಿಡಿಯೋ ಕಾಲಿನಲ್ಲಿ ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರು, 'ಇದೆಂಥ ಮಗ, ಬೀಡಿ ಹಚ್ಚೋದಾ?' ಅಂದರು.

ಮುಂದಿನ ತಿಂಗಳು, ಪಿಸ್ತೂಲು ಜೊತೆಗೆ ಒಯ್ಯಲು ಬೇಕಿದ್ದ ಕ್ಯಾರಿ ಲೈಸೆನ್ಸಿನ ಕ್ಲಾಸು. ಆಗಿನ್ನೂ ಪರ್ಮಿಟ್ ಇಲ್ಲದೆ ಒಯ್ಯುವ ಕಾನೂನು ಬಂದಿರಲಿಲ್ಲ, ಅದು 2021ರ ಸೆಪ್ಟೆಂಬರಿನದು. ಪರೀಕ್ಷೆ ಕಷ್ಟದ್ದೇನಲ್ಲ. ಒಟ್ಟು 50 ಗುಂಡು, 3 ಗಜ, 7 ಗಜ, 15 ಗಜ ದೂರದಿಂದ. 250ಕ್ಕೆ 175 ಬಂದರೆ ಪಾಸು. ನನಗೆ ಬಂದದ್ದು 161. ಪಕ್ಕದ ಸಾಲಿನಲ್ಲಿ ಜೀವಮಾನದಲ್ಲಿ ಮೊದಲ ಸಲ ಪಿಸ್ತೂಲು ಮುಟ್ಟಿದ ಅಜ್ಜಿಯೊಬ್ಬರು ಪಾಸಾದರು, ನಾನು ಫೇಲು! ಹೆಬ್ಬೆರಳು ತೋರುಬೆರಳ ನಡುವಿನ ಚರ್ಮ ಕೆಂಪಾಗಿ ಸುಲಿದಿತ್ತು. ಆರು ತೋಟೆಯ ಮ್ಯಾಗಜೀನ್ ತುಂಬಿ ತುಂಬಿ ಹೆಬ್ಬೆರಳ ಉಗುರು ಬೇರೆ ನೋಯುತ್ತಿತ್ತು.

ಮಾಸ್ತರು ನಿವೃತ್ತ ಶೆರಿಫ್ ಡೆಪ್ಯುಟಿ (ಕೌಂಟಿ ಪೊಲೀಸ್), ಕಡಿಮೆ ಮಾತಿನ ಮನುಷ್ಯ. ಎಲ್ಲರೂ ಹೋದ ಮೇಲೆ ನನ್ನ ಮ್ಯಾಗಜೀನ್ ಇಸಿದುಕೊಂಡು, ಬೆನ್ನು ತಿರುಗಿಸಿ ತುಂಬಿ ಕೊಟ್ಟರು. ಹೊಡೆದೆ, ಢಂ. ಇನ್ನೊಂದು, ಢಂ. ಮೂರನೆಯದಕ್ಕೆ ಬರೀ 'ಟಿಕ್'. ಅವರು ನಡುವೆ ಕೆಂಪು ಪ್ಲಾಸ್ಟಿಕ್ಕಿನ ಡಮ್ಮಿ ತೋಟೆ ಸೇರಿಸಿದ್ದರು. ಗುಂಡು ಹೊರಡಲಿಲ್ಲ, ಒದೆಯೂ ಇಲ್ಲ, ಆದರೂ ಪಿಸ್ತೂಲಿನ ಮೂತಿ ಒನಕೆ ಕುಟ್ಟಿದ ಹಾಗೆ ಎರಡು ಇಂಚು ಕೆಳಗೆ ಕುಕ್ಕಿತು. ಕುಕ್ಕಿದ್ದು ಪಿಸ್ತೂಲಲ್ಲ, ನನ್ನ ಕೈ. ಒದೆ ಬರುತ್ತದೆಂದು ಹೆದರಿ, ಅದು ಬರುವ ಮೊದಲೇ ನಾನೇ ಒತ್ತುತ್ತಿದ್ದೆ. ಏಳು ಗಜದಲ್ಲಿ ನನ್ನ ಗುಂಡುಗಳೆಲ್ಲ ಕಾಗದದ ಮನುಷ್ಯನ ಸೊಂಟದಿಂದ ಕೆಳಗೆ ಯಾಕೆ ಬೀಳುತ್ತಿದ್ದವು ಎಂದು ಆಗ ತಿಳಿಯಿತು.

ಆಮೇಲೆ ತಮ್ಮ ಗ್ಲಾಕ್ 19 ಪಿಸ್ತೂಲು ಕೈಗಿಟ್ಟರು. 9 ಎಂಎಂ, ಅಂದರೆ ನನ್ನದಕ್ಕಿಂತ ಜೋರಿನ ತೋಟೆ. ಭುಜ ಬಿಗಿಹಿಡಿದು ಹೊಡೆದೆ. ಇಷ್ಟೇನಾ ಅನಿಸಿತು. ಹದಿನೈದು ಗುಂಡೂ ಊಟದ ತಟ್ಟೆಯಗಲದೊಳಗೆ.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ, ಪಿಯುಸಿ ಫಿಸಿಕ್ಸು ಸಾಕು. .380ರ ಗುಂಡು ಸುಮಾರು 6 ಗ್ರಾಂ, 9 ಎಂಎಂನದು ಏಳೂವರೆ ಗ್ರಾಂ, ವೇಗವೂ ಹೆಚ್ಚು. ಎರಡೂ ಸೇರಿದರೆ .380ರ ತಳ್ಳು ಮೂರನೇ ಒಂದು ಪಾಲಿನಷ್ಟು ಕಡಿಮೆ, ಸರಿ. ಆದರೆ ಗ್ಲಾಕ್ 19 ಖಾಲಿಯಲ್ಲೇ ಸುಮಾರು 600 ಗ್ರಾಂ, ನನ್ನದು ಅದರ ಅರ್ಧವೂ ಇಲ್ಲ. ತಳ್ಳು ಮೂರನೇ ಒಂದು ಪಾಲು ಇಳಿಯಿತು, ತೂಕ ಅರ್ಧಕ್ಕಿಂತ ಕೆಳಗಿಳಿಯಿತು, ಅಂದ ಮೇಲೆ ಅದು ನನ್ನ ಕೈಗೆ ಬಂದು ಬಡಿಯುವ ವೇಗ ಹೆಚ್ಚೇ ಆಗಬೇಕಲ್ಲ. ದೊಡ್ಡಪ್ಪನ ಜೋಡು ನಳಿಗೆ ಮೂರು ಕಿಲೋ, ಮೇಲಾಗಿ ಹೆಗಲು ಅದರ ಬೆನ್ನಿಗೆ ನಿಂತಿರುತ್ತದೆ. ಇದಕ್ಕೆ ಬೆನ್ನಿಗಿರುವುದು ಒಂದು ಮಣಿಕಟ್ಟು ಮಾತ್ರ. ಅದೂ ಪೂರ್ತಿ ಹಿಡಿತವಲ್ಲ: ಹಿಡಿ ಎಷ್ಟು ಗಿಡ್ಡ ಅಂದರೆ ಎರಡು ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಇನ್ನು ನಳಿಗೆ ಮೂರು ಇಂಚಿಗೂ ಕಮ್ಮಿ. ಹಿಂದಿನ ಗುರಿಕಣ್ಣಿಗೂ ಮುಂದಿನದಕ್ಕೂ ಅಂತರ ಅಷ್ಟು ಕಮ್ಮಿಯಾದಾಗ ಒಂದು ಮಿಲಿಮೀಟರು ತಪ್ಪಿದ್ದು ಏಳು ಗಜದಲ್ಲಿ ಎರಡು ಇಂಚಿಗೂ ಹೆಚ್ಚಾಗುತ್ತದೆ. ಚಿಕ್ಕ ಪಿಸ್ತೂಲು ಹೊಸಬರಿಗೆ ಅನ್ನುವುದೇ ತಲೆಕೆಳಗಾದ ಮಾತು. ಅದು ಪಳಗಿದ ಕೈಯ ಸಾಮಾನು.

ಇಷ್ಟೆಲ್ಲ ತಿಳಿದ ಮೇಲಾದರೂ ಬುದ್ಧಿ ಬಂತೇ? ಇಲ್ಲ. ಎರಡನೇ ಸಲ ಮಾಸ್ತರ ಗ್ಲಾಕಿನಲ್ಲೇ ಪರೀಕ್ಷೆ ಕೊಟ್ಟು 231 ತೆಗೆದು ಪಾಸಾದೆ. ಪಾಸಾಗಿ, ಬ್ಯಾಗಿನಲ್ಲಿ ಅದೇ ಪುಟಾಣಿಯನ್ನು ಇಟ್ಟುಕೊಂಡು ತಿರುಗಿದೆ. ಸ್ಕೂಟಿಯಲ್ಲಿ ಲೈಸೆನ್ಸ್ ಮಾಡಿಸಿ ಲಾರಿ ಓಡಿಸಿದ ಹಾಗೆ. ದುಡ್ಡು ಕೊಟ್ಟಾಗಿದೆ, ಚಿಕ್ಕದಿದೆ, ಹೊರಗೆ ಕಾಣಲ್ಲ ಅನ್ನುವ ಸಮಾಧಾನ. ನೋಯುತ್ತದೆ ಅಂತ ರೇಂಜಿಗೆ ಹೋಗುವುದನ್ನು ಬಿಟ್ಟೆ. ಪರೀಕ್ಷೆಯ ನಂತರ ಹತ್ತು ತಿಂಗಳಲ್ಲಿ 50ರ ಒಂದು ಡಬ್ಬಿಯಲ್ಲಿ ಖರ್ಚಾದದ್ದು 38 ತೋಟೆ. ಯಾವತ್ತೂ ಹೊಡೆಯದ ಪಿಸ್ತೂಲನ್ನು ದಿನಾ ಹೊರುತ್ತಿದ್ದೆ. ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದು ಬ್ಯಾಗಿನಲ್ಲಿತ್ತು, ಬ್ಯಾಗಿನಲ್ಲಿದೆ ಎಂಬ ಕಾರಣಕ್ಕೆ ಅದು ಮರೆತೇ ಹೋಗಿತ್ತು.

ಮರೆತದ್ದು ನೆನಪಾದದ್ದು ಹೀಗೆ. ಒಂದು ಭಾನುವಾರ ನಾನು ಅಡುಗೆಮನೆಯಲ್ಲಿ ಕಡುಬಿಗೆ ತರಿ ಹುರಿಯುತ್ತಿದ್ದೆ. ಐದು ವರ್ಷದ ಮಗಳು ಹಜಾರದಿಂದ ಕೂಗಿದಳು: 'ಅಮ್ಮಾ, ಈ ಜಿಪ್ ತೆಗಿಯೋಕೆ ಆಗ್ತಿಲ್ಲ, ತೆಕ್ಕೊಡು.' ಚಾಕಲೇಟು ಹುಡುಕುತ್ತಿದ್ದಳು. ಬ್ಯಾಗು ಅವಳ ತೊಡೆಯ ಮೇಲಿತ್ತು. ಜಿಪ್ಪಿನ ಹಲ್ಲಿಗೆ ಒಂದು ಅಂಗಡಿ ರಸೀದಿಯ ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ತರಿ ಸೀದು ಕರಕಲಾಯಿತು, ಅವತ್ತು ಹೊರಗಿನಿಂದ ಪಿಜ್ಜಾ ತರಿಸಿದೆವು. ಯಾಕೆ ಅಂತ ಗಂಡನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು.

2014ರ ಡಿಸೆಂಬರಿನಲ್ಲಿ ಐಡಾಹೋದ ಒಂದು ದೊಡ್ಡ ಅಂಗಡಿಯಲ್ಲಿ ಎರಡು ವರ್ಷದ ಮಗು ತಾಯಿಯ ಬ್ಯಾಗಿನ ಜಿಪ್ಪು ತೆಗೆದು ಪಿಸ್ತೂಲು ಹಿಡಿಯಿತು, ಗುಂಡು ಹಾರಿ ತಾಯಿ ಅಲ್ಲೇ ಸತ್ತಳು. ಅದು ಪಿಸ್ತೂಲು ಒಯ್ಯಲೆಂದೇ ಪ್ರತ್ಯೇಕ ಖಾನೆ ಹೊಲಿದ ಬ್ಯಾಗು. ಕೊಳ್ಳುವ ಮೊದಲೇ ನಾನು ಈ ಸುದ್ದಿ ಓದಿದ್ದೆ. ಅದು ಬೇರೆಯವರ ಕತೆ ಅಂದುಕೊಂಡಿದ್ದೆ. ಟೆಕ್ಸಾಸಿನಲ್ಲಿ ತುಂಬಿದ ಪಿಸ್ತೂಲನ್ನು ಭದ್ರವಾಗಿಡದೆ, ಅದು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಕ್ಕರೆ ಅಪರಾಧ ಕೂಡ.

ಹಾಗಾಗಿ ನಿಮ್ಮ ಪ್ರಶ್ನೆಯ ಮೊದಲ ಅರ್ಧವನ್ನೇ ನಾನು ಒಪ್ಪಲ್ಲ. ಹ್ಯಾಂಡ್‌ಬ್ಯಾಗು ಬೇಡ. ಕಳ್ಳ ಮೊದಲು ಕೈ ಹಾಕುವುದು ಯಾವುದಕ್ಕೆ? ಬ್ಯಾಗಿಗೇ. ಪಿಸ್ತೂಲು ಇರಬೇಕಾದದ್ದು ಮೈಮೇಲೆ, ಸೊಂಟದಲ್ಲಿ, ಟ್ರಿಗರ್ ಪೂರ್ತಿ ಮುಚ್ಚುವ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರಿನಲ್ಲಿ, ಅಂದರೆ ಒರೆಯಲ್ಲಿ. ಅದಕ್ಕೆ ಬಿಗಿಯಾದ ಬೆಲ್ಟು. 500 ಡಾಲರಿನ ಪಿಸ್ತೂಲು ಕೊಂಡು 15 ಡಾಲರಿನ ಮೆತ್ತನೆ ಬಟ್ಟೆ ಹೋಲ್‌ಸ್ಟರಿನಲ್ಲಿ ತುರುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಟ್ಟೆಯ ವಿಷಯ ಕೇಳುತ್ತೀರಿ ಅಂತ ಗೊತ್ತು: ಜೀನ್ಸಿನ ಮೇಲೆ ಸಡಿಲ ಕುರ್ತಾ ಹಾಕಿದರೆ ಮಧ್ಯಮ ಗಾತ್ರದ್ದೂ ಕಾಣುವುದಿಲ್ಲ, ಈ ವಿಷಯದಲ್ಲಿ ನಾವು ಅಮೆರಿಕದ ಹೆಂಗಸರಿಗಿಂತ ಅದೃಷ್ಟವಂತರು. ಸೀರೆ ಉಡುವ ದಿನ ನನ್ನದು ಮನೆಯ ಸೇಫಿನಲ್ಲೇ ಇರುತ್ತದೆ. ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ಪಿಸ್ತೂಲು ಯಾಕೆ ಹೇಳಿ.

ಎರಡನೆಯದು, .380ಯೋ 9 ಎಂಎಂಓ ಎಂಬ ಜಗಳ. ಎರಡರ ಗುಂಡಿನ ಅಗಲ ಒಂದೇ, ತೋಟೆಯ ಕವಚದ ಉದ್ದ ಮಾತ್ರ 17 ಮಿಲಿಮೀಟರು, 19 ಮಿಲಿಮೀಟರು. .380 ಕೆಟ್ಟದ್ದಲ್ಲ. ಗರಿಯಂಥ ಪಿಸ್ತೂಲಿನಲ್ಲಿ .380 ಕೆಟ್ಟದ್ದು. ಅದೇ ತೋಟೆ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಈಜೀಯಂಥ, 500 ಗ್ರಾಂ ದಾಟಿದ ಪಿಸ್ತೂಲಿನಲ್ಲಿ ಬೆಣ್ಣೆಯ ಹಾಗೆ. ಸ್ಲೈಡ್ (ತೋಟೆ ಏರಿಸಲು ಹಿಂದಕ್ಕೆ ಎಳೆಯುವ ಮೇಲ್ಭಾಗ) ಎಳೆಯುವ ಬಲ ಬೆರಳಿಗಿಲ್ಲ ಅಂದರೆ ಅದನ್ನು ನೋಡಿ, ಅದರ ಸ್ಪ್ರಿಂಗು ಹಗುರ. ಬಲ ಇದೆ ಅಂದರೆ 9 ಎಂಎಂ, ಯಾಕೆಂದರೆ ಅದರ ತೋಟೆ ಸಾಮಾನ್ಯವಾಗಿ ಅಗ್ಗ, ಅಗ್ಗವಾದರೆ ಅಭ್ಯಾಸ ಮಾಡುತ್ತೀರಿ. ನಾನು ಈಗ ಒಯ್ಯುವುದು ಸಿಗ್ ಪಿ365 ಎಕ್ಸ್‌ಎಲ್: ಖಾಲಿಯಲ್ಲಿ 600 ಗ್ರಾಮಿಗೆ ಸ್ವಲ್ಪ ಕಡಿಮೆ, 12 ತೋಟೆಯ ಮ್ಯಾಗಜೀನು, ಮುಖ್ಯವಾಗಿ ನನ್ನ ಕಿರುಬೆರಳಿಗೆ ಜಾಗ ಇದೆ. ನಿಮ್ಮ ಕೈಗೆ ಅದೇ ಸರಿ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ರಿವಾಲ್ವರು ಸುಲಭ ಅಂತ ಯಾರಾದರೂ ಹೇಳಿದರೆ ಅದರ ಟ್ರಿಗರನ್ನು ಖಾಲಿಯಲ್ಲಿ ಹತ್ತು ಸಲ ಎಳೆದು ನೋಡಿ, ಆಮೇಲೆ ಮಾತಾಡೋಣ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಎಚ್-1ಬಿ, ಎಚ್-4ರಲ್ಲಿ ಇದ್ದೀರಾದರೆ ಇದೆಲ್ಲ ನಿಮಗಲ್ಲ. ಫೆಡರಲ್ ಕಾನೂನಿನ ಪ್ರಕಾರ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಟೆಕ್ಸಾಸು ಏನೇ ಹೇಳಲಿ. ಬೇಟೆ ಲೈಸೆನ್ಸಿನ ಒಂದು ವಿನಾಯಿತಿ ಇದೆ, ಆದರೆ ವಾಟ್ಸಾಪ್ ಗ್ರೂಪಿನ ಮಾತು ನಂಬಿ ಅಂಗಡಿಗೆ ಹೋಗಬೇಡಿ, ವಕೀಲರನ್ನು ಕೇಳಿ. 4473ರಲ್ಲಿ ಸುಳ್ಳು ಬರೆದರೆ ಗ್ರೀನ್ ಕಾರ್ಡಿನ ಕನಸು ಅಲ್ಲಿಗೇ ಮುಗಿಯಬಹುದು.

ನಿಮಗೆ ಲೈಸೆನ್ಸ್ ಈಗ ಕಡ್ಡಾಯವಲ್ಲ. ಆದರೂ ಆ ಕ್ಲಾಸಿಗೆ ಹೋಗಿ, ಎಲ್ಲಿ ಒಯ್ಯಬಾರದು ಅನ್ನುವುದಾದರೂ ತಿಳಿಯುತ್ತದೆ. ಮತ್ತು ಒಂದು ಶನಿವಾರ ಬೆಳಿಗ್ಗೆ ಬಾಡಿಗೆ ಪಿಸ್ತೂಲು ಕೊಡುವ ರೇಂಜಿಗೆ ಹೋಗಿ, ನಿಮ್ಮ ಮನಸ್ಸಿನಲ್ಲಿರುವ ಎರಡು ಮೂರು ಪಿಸ್ತೂಲುಗಳಲ್ಲೂ ಐವತ್ತೈವತ್ತು ಗುಂಡು ಹೊಡೆಯಿರಿ. ಹತ್ತಕ್ಕೆ ನಿಲ್ಲಿಸಬೇಡಿ, ಹತ್ತು ಗುಂಡು ಎಲ್ಲದರಲ್ಲೂ ಚೆನ್ನಾಗಿಯೇ ಇರುತ್ತದೆ. ನಲವತ್ತನೆಯದರ ಹೊತ್ತಿಗೆ ಯಾವುದನ್ನು ಕೆಳಗಿಡಬೇಕು ಅಂತ ಕೈಯೇ ಹೇಳುತ್ತದೆ. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಡಮ್ಮಿ ತೋಟೆ ಸೇರಿಸಿ ಕೊಡಲು ಹೇಳಿ, ಮೂತಿ ಕುಕ್ಕುತ್ತದೋ ನೋಡಲಿ.

ನನ್ನ ಪುಟಾಣಿಯನ್ನು ಕೊಂಡಲ್ಲೇ ಮಾರಿದೆ, ಕೊಟ್ಟದ್ದರ ಅರ್ಧವೂ ಬರಲಿಲ್ಲ. ಅವನು ಒರೆಸಿ ಅದೇ ಗಾಜಿನ ಕೆಳಗೆ ಇಟ್ಟ. ಉಳಿದ ಹನ್ನೆರಡು ತೋಟೆಯ ಡಬ್ಬಿ ಕೊಡಲು ಮರೆತು ವಾಪಸ್ ಬಂದೆ. ಅದು ಇನ್ನೂ ನಮ್ಮ ಸೇಫಿನ ಮೂಲೆಯಲ್ಲಿ, ಪಾಸ್‌ಪೋರ್ಟುಗಳ ಪಕ್ಕ ಬಿದ್ದಿದೆ.