ಕ್ಯಾಮೆರಾ ಪ್ರಶ್ನೋತ್ತರ: ಹೆಚ್ಚು ಮಾರಾಟವಾದದ್ದು, ಹೆಚ್ಚು ಬಳಕೆಯಾದದ್ದು

ಈ ಅಂಕಣ ಆರಂಭವಾದದ್ದು 2015ರ ದೀಪಾವಳಿ ಸಂಚಿಕೆಯಲ್ಲಿ. ಈ ಸಂಚಿಕೆಗೆ ಅದಕ್ಕೆ ಹತ್ತು ವರ್ಷ ತುಂಬಿತು. ಹಾರ ತುರಾಯಿಗಳ ಬದಲು ಎಂದಿನಂತೆ ಓದುಗರ ಪತ್ರಗಳಿಗೇ ಉತ್ತರಿಸಿದರೆ ಸಾಕೆಂದು ಸಂಪಾದಕರು ಸೂಚಿಸಿದ್ದಾರೆ. ಬಂದ ಪತ್ರಗಳಲ್ಲಿ ಬಹುಪಾಲು ‘ಈ ವರ್ಷ ಹೆಚ್ಚು ಮಾರಾಟವಾದದ್ದು ಯಾವುದು’ ಎಂಬ ಪ್ರಶ್ನೆಯ ಸುತ್ತಲೇ ಇರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಈ ವರ್ಷ ಅತಿ ಹೆಚ್ಚು ಮಾರಾಟವಾದ ಕ್ಯಾಮೆರಾ ಯಾವುದು? ನಾಲ್ಕು ಜನ ಕೊಂಡದ್ದನ್ನೇ ಕೊಂಡರೆ ಮೋಸ ಹೋಗುವ ಭಯವಿಲ್ಲ ಎಂಬುದು ನನ್ನ ಲೆಕ್ಕಾಚಾರ.
(ಔಷಧಿ ಅಂಗಡಿಯ ಮಾಲೀಕರು, ದಾವಣಗೆರೆ)

ಉತ್ತರ: ಇಡೀ ಪ್ರಪಂಚಕ್ಕೆ ಅನ್ವಯಿಸುವ ಒಂದೇ ಪಟ್ಟಿ ಎಂಬುದಿಲ್ಲ. ಯಾವ ಮಾದರಿ ಎಷ್ಟು ಹೋಯಿತು ಎಂಬ ಲೆಕ್ಕವನ್ನು ತಯಾರಕರು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಜಪಾನಿನಲ್ಲಿ ಬಿಸಿಎನ್ ಎಂಬ ಸಂಸ್ಥೆ ದೊಡ್ಡ ಅಂಗಡಿಗಳ ಬಿಲ್ಲುಗಳ ಲೆಕ್ಕವನ್ನು ಒಟ್ಟುಗೂಡಿಸಿ ಕ್ರಮಾಂಕ ಪ್ರಕಟಿಸುತ್ತದೆ. ಆ ಪಟ್ಟಿಯ ಕಾಂಪ್ಯಾಕ್ಟ್ (ಲೆನ್ಸ್ ಬದಲಾಯಿಸಲಾಗದ ಪುಟ್ಟ ಕ್ಯಾಮೆರಾಗಳ) ವಿಭಾಗದ ಮೇಲಿನ ಸಾಲುಗಳಲ್ಲಿ ಇತ್ತೀಚೆಗೆ ಮತ್ತೆ ಮತ್ತೆ ಕಾಣಿಸಿಕೊಂಡ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಕೊಡಕ್ ಪಿಕ್ಸ್‌ಪ್ರೊ ಎಫ್‌ಜೆಡ್55. ಕೊಡಕ್ ಎಂದರೆ 1975ರಲ್ಲಿ ತನ್ನದೇ ಪ್ರಯೋಗಾಲಯದಲ್ಲಿ ಡಿಜಿಟಲ್ ಕ್ಯಾಮೆರಾ ತಯಾರಾಗಿದ್ದರೂ ಫಿಲ್ಮಿನ ವ್ಯಾಪಾರವನ್ನೇ ನಂಬಿ ಕುಳಿತು, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿಕೊಂಡ ಕಂಪನಿ. ಈಗಿನ ಕ್ಯಾಮೆರಾದ ಮೇಲಿರುವುದು ಆ ಹೆಸರು ಮಾತ್ರ. ಪರವಾನಗಿ ಪಡೆದು ಅದನ್ನು ಮಾರುತ್ತಿರುವವರು ಜೆಕೆ ಇಮೇಜಿಂಗ್ ಎಂಬ ಬೇರೆಯವರು. ಅದರಲ್ಲಿರುವುದು 16 ಮೆಗಾಪಿಕ್ಸೆಲ್, 5 ಪಟ್ಟು ಜೂಮ್ ಮತ್ತು ಮೇಲ್ದರ್ಜೆಯ ಫೋನುಗಳಲ್ಲಿರುವುದಕ್ಕಿಂತಲೂ ಚಿಕ್ಕದಾದ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಚಿಪ್ಪು. ಆದರೂ ಅದು ಓಡುತ್ತದೆ, ಏಕೆಂದರೆ ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಇಪ್ಪತ್ತು ವರ್ಷಗಳ ಹಿಂದಿನ ಫ್ಲ್ಯಾಶ್ ಫೋಟೋಗಳ ಬಿಳಿಚಿದ ಮುಖಗಳೇ ಈಗಿನ ಕಾಲೇಜು ಮಕ್ಕಳಿಗೆ ಇಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೋ ತೆಗೆಯುವಾಗ ಅದಕ್ಕೆ ಯಾರ ಕರೆಯೂ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಫ್ಯೂಜಿಫಿಲ್ಮ್ ಎಕ್ಸ್100-6. 2024ರ ಫೆಬ್ರುವರಿಯಲ್ಲಿ ಘೋಷಣೆಯಾದ, 40 ಮೆಗಾಪಿಕ್ಸೆಲ್‌ನ, ಲೆನ್ಸ್ ಬದಲಾಯಿಸಲಾಗದ ಈ ಕ್ಯಾಮೆರಾಕ್ಕೆ ತಿಂಗಳುಗಟ್ಟಲೆ ಸರದಿ ಇತ್ತು. ಮುಂಗಡ ಕೊಟ್ಟು ಕಾದವರು ಯಾವ ಮಾರಾಟ ಪಟ್ಟಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ‘ಹೆಚ್ಚು ಮಾರಾಟವಾದದ್ದು’ ಎಂಬುದಕ್ಕೆ ‘ಅಂಗಡಿಯಲ್ಲಿ ದಾಸ್ತಾನು ಇದ್ದದ್ದು, ಬೆಲೆ ಕೈಗೆಟಕಿದ್ದು, ಹಬ್ಬದ ರಿಯಾಯಿತಿಯಲ್ಲಿ ಬಿಕರಿಯಾದದ್ದು’ ಎಂಬ ಅರ್ಥವನ್ನೂ ಸೇರಿಸಿಕೊಂಡು ಓದಬೇಕು. ನಿಮ್ಮ ಲೆಕ್ಕಾಚಾರ ಒಂದು ವಿಷಯದಲ್ಲಿ ಮಾತ್ರ ಸರಿ: ಹೆಚ್ಚು ಜನ ಕೊಂಡ ಮಾದರಿಗೆ ಬ್ಯಾಟರಿ, ಚಾರ್ಜರ್, ರಿಪೇರಿ ಬಲ್ಲ ಕೈ, ಹಳೆಯದನ್ನು ಕೊಳ್ಳುವ ಗಿರಾಕಿ ಎಲ್ಲವೂ ದಾವಣಗೆರೆಯಲ್ಲೇ ಸಿಗುತ್ತವೆ.

ಪ್ರಶ್ನೆ: ಕ್ಯಾಮೆರಾ ಬಿಡಿ, ಅಂಗಡಿಗಳಲ್ಲಿ ನಿಜವಾಗಿ ಏನು ಖರ್ಚಾಗುತ್ತದೆ?
(ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಗೆಳೆಯರೊಬ್ಬರ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಾನು ಅರ್ಧ ದಿನ ಕುಳಿತಿದ್ದೆ. ಗಾಜಿನ ಬೀರುವಿನಲ್ಲಿ ದೀಪ ಹಾಕಿ ಇಟ್ಟಿದ್ದ ಎರಡು ಮೂರು ಲಕ್ಷದ ಕ್ಯಾಮೆರಾಗಳನ್ನು ಬಂದವರೆಲ್ಲ ನೋಡಿದರು, ಕೆಲವರು ಕೈಗೆತ್ತಿಕೊಂಡು ಷಟರ್ ಸದ್ದನ್ನೂ ಕೇಳಿದರು, ಒಬ್ಬರೂ ಕೊಳ್ಳಲಿಲ್ಲ. ಹೊರಗೆ ಹೋದದ್ದು ಮೆಮೊರಿ ಕಾರ್ಡುಗಳು, ಹತ್ತು ವರ್ಷ ಹಳೆಯ ಮಾದರಿಗಳ ಬ್ಯಾಟರಿಗಳು, ಮೊಬೈಲ್ ಟ್ರೈಪಾಡುಗಳು, ಕಾಲರ್‌ಗೆ ಸಿಕ್ಕಿಸುವ ವೈರ್‌ಲೆಸ್ ಮೈಕುಗಳು, ಹುಟ್ಟುಹಬ್ಬದ ಉಡುಗೊರೆಗೆಂದು ಇನ್‌ಸ್ಟಾಕ್ಸ್ ಫಿಲ್ಮಿನ ಪೊಟ್ಟಣಗಳು. ತೆಗೆದ ಕೂಡಲೇ ಫೋಟೋವನ್ನು ಹಾಳೆಯ ಮೇಲೆ ಹೊರಹಾಕುವ ಫ್ಯೂಜಿಯ ಇನ್‌ಸ್ಟಾಕ್ಸ್ ಮಾರುಕಟ್ಟೆಗೆ ಬಂದದ್ದು 1998ರಲ್ಲಿ. ಡಿಜಿಟಲ್ ಬಂದ ಮೇಲೆ ಸಾಯಬೇಕಿದ್ದ ಈ ಕ್ಯಾಮೆರಾ ಇಂದು ಫ್ಯೂಜಿಯ ಅನ್ನದ ತಟ್ಟೆ. ಕ್ಯಾಮೆರಾ ಒಮ್ಮೆ ಮಾರಾಟವಾದರೆ ಮುಗಿಯಿತು, ಹತ್ತು ಹಾಳೆಯ ಫಿಲ್ಮ್ ಪೊಟ್ಟಣ ಪ್ರತಿ ಹುಟ್ಟುಹಬ್ಬಕ್ಕೂ ಖಾಲಿಯಾಗುತ್ತದೆ. ವಾಣಿಜ್ಯದ ವಿದ್ಯಾರ್ಥಿನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚನ್ನಪಟ್ಟಣದ ಕಡೆಯ ಹಿರಿಯ ಮದುವೆ ಫೋಟೋಗ್ರಾಫರ್ ಒಬ್ಬರು ಬಂದರು. ಅವರು ಕಾರ್ಡಿನ ಮೇಲಿನ ದೊಡ್ಡ ಅಂಕಿಯನ್ನು ನೋಡಲೇ ಇಲ್ಲ. ಕನ್ನಡಕವನ್ನು ಹಣೆಗೇರಿಸಿ, ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಮೂಲೆಯಲ್ಲಿದ್ದ ವಿ30 ಎಂಬ ಗುರುತನ್ನು ಹುಡುಕಿದರು. ದೊಡ್ಡದಾಗಿ ಅಚ್ಚಾಗುವುದು ಓದುವ ವೇಗ. ವಿಡಿಯೊ ನಡುವೆ ನಿಲ್ಲದಂತೆ ಕಾಪಾಡುವುದು ಬರೆಯುವ ಕನಿಷ್ಠ ವೇಗ. ವಿ30 ಎಂದರೆ ಅದು ಸೆಕೆಂಡಿಗೆ 30 ಮೆಗಾಬೈಟ್‌ಗಿಂತ ಕೆಳಗಿಳಿಯದು ಎಂಬ ಖಾತ್ರಿ. ಮುಹೂರ್ತದ ಹೊತ್ತಿನಲ್ಲಿ ಒಮ್ಮೆ ಕಾರ್ಡು ಕೈಕೊಟ್ಟ ಮೇಲೆ ಕಲಿತದ್ದೆಂದು ಅವರೇ ಹೇಳಿದರು.

ಪ್ರಶ್ನೆ: ನಮ್ಮದು ಡಿಎಸ್‌ಎಲ್‌ಆರ್, ಜೊತೆಗೆ ನಾಲ್ಕು ಲೆನ್ಸ್‌ಗಳಿವೆ. ಎಲ್ಲವನ್ನೂ ಮಾರಿ ಮಿರರ್‌ಲೆಸ್‌ಗೆ ಬದಲಾಯಿಸಬೇಕೇ? ಹತ್ತು ವರ್ಷಗಳ ಹಿಂದೆ ನೀವೇ ಡಿಎಸ್‌ಎಲ್‌ಆರ್ ಕೊಳ್ಳಿ ಎಂದು ಬರೆದಿದ್ದಿರಿ.
(ಸ್ಟುಡಿಯೊ ಮಾಲೀಕರು, ತುಮಕೂರು)

ಉತ್ತರ: ಹೊಸ ಓದುಗರಿಗೆ ಒಂದು ಮಾತು: ಡಿಎಸ್‌ಎಲ್‌ಆರ್ ಎಂದರೆ ಒಳಗಿನ ಕನ್ನಡಿಯ ಮೂಲಕ ದೃಶ್ಯ ತೋರಿಸುವ ಕ್ಯಾಮೆರಾ, ಮಿರರ್‌ಲೆಸ್ ಎಂದರೆ ಆ ಕನ್ನಡಿ ಇಲ್ಲದೆ ಪರದೆಯಲ್ಲೇ ತೋರಿಸುವಂಥದ್ದು. ನಾನು ಹಾಗೆ ಬರೆದದ್ದು ನಿಜ, ಆ ಹೊತ್ತಿಗೆ ಅದು ಸರಿಯೂ ಆಗಿತ್ತು. ಆದರೆ 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಹೊಸ ಮಿರರ್‌ಲೆಸ್ ಮೌಂಟ್‌ಗಳನ್ನು (ಲೆನ್ಸ್ ಕೂರಿಸುವ ಬಳೆಗಳನ್ನು) ತಂದಾಗ ‘ಇದು ಹವ್ಯಾಸಿಗಳ ಶೋಕಿ, ಮದುವೆ ಮನೆಗೆ ಬರಲು ಕಾಲ ಹಿಡಿಯುತ್ತದೆ’ ಎಂದು ಇದೇ ಅಂಕಣದಲ್ಲಿ ಬರೆದದ್ದು ನನ್ನ ತಪ್ಪು. ಎರಡೇ ವರ್ಷದಲ್ಲಿ, 2020ರಲ್ಲಿ, ಮಿರರ್‌ಲೆಸ್ ರವಾನೆ ಡಿಎಸ್‌ಎಲ್‌ಆರ್ ಅನ್ನು ಮೀರಿಸಿತು. ಜಪಾನಿನ ತಯಾರಕರ ಒಕ್ಕೂಟವಾದ ಸಿಪಾದ ಅಂಕಿಗಳ ಪ್ರಕಾರ 2024ರಲ್ಲಿ ರವಾನೆಯಾದ ಮಿರರ್‌ಲೆಸ್ ಕ್ಯಾಮೆರಾಗಳು ಸುಮಾರು 56 ಲಕ್ಷ, ಡಿಎಸ್‌ಎಲ್‌ಆರ್‌ಗಳು ಸುಮಾರು 10 ಲಕ್ಷ. ಒಟ್ಟು ವ್ಯಾಪಾರ ಕುಗ್ಗಿರುವ ಪರಿ ಇನ್ನೂ ದೊಡ್ಡದು: 2010ರಲ್ಲಿ ಎಲ್ಲ ಬಗೆಯ ಡಿಜಿಟಲ್ ಕ್ಯಾಮೆರಾಗಳೂ ಸೇರಿ 12 ಕೋಟಿ ದಾಟಿದ್ದವು, 2024ರಲ್ಲಿ 85 ಲಕ್ಷದ ಆಸುಪಾಸಿಗೆ ಬಂದು ನಿಂತಿವೆ. ಉಳಿದದ್ದನ್ನು ಮೊಬೈಲ್ ನುಂಗಿತು.

ಹಾಗೆಂದು ಅವಸರ ಬೇಡ. ನಿಮ್ಮದು ಕ್ಯಾನನ್ ಆಗಿದ್ದರೆ ನಡುವೆ ಜೋಡಿಸುವ ಅಡಾಪ್ಟರ್ ಹಾಕಿದಾಗ ಡಿಎಸ್‌ಎಲ್‌ಆರ್‌ನ ಇಎಫ್ ಲೆನ್ಸ್‌ಗಳು ಹೊಸ ಬಾಡಿಯಲ್ಲೂ (ಲೆನ್ಸ್ ಬಿಟ್ಟ ಕ್ಯಾಮೆರಾದಲ್ಲೂ) ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್ ಆಗಿದ್ದರೆ ಲೆನ್ಸ್‌ನ ಮೇಲೆ ಎಎಫ್-ಎಸ್ ಎಂದಿದೆಯೇ, ಎಎಫ್-ಡಿ ಎಂದಿದೆಯೇ ನೋಡಿಕೊಳ್ಳಿ; ಎರಡನೆಯ ಬಗೆಯವನ್ನು ತಿರುಗಿಸುವ ಮೋಟಾರು ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲಿ ಇಲ್ಲದ ಕಾರಣ ಫೋಕಸ್ ಅನ್ನು ಕೈಯಲ್ಲೇ ಮಾಡಬೇಕಾಗುತ್ತದೆ. ಮೊದಲು ಬಾಡಿಯನ್ನು ಮಾತ್ರ ಬದಲಾಯಿಸಿ, ಒಂದು ಮದುವೆ ಸೀಸನ್ ಕಳೆಯಲಿ, ಆಮೇಲೆ ಲೆನ್ಸ್‌ಗಳ ವಿಚಾರ. ಮತ್ತು ಬ್ಯಾಟರಿಗೆಂದು ಹಣ ತೆಗೆದಿಡಿ. ನಿಕಾನ್ ಡಿ5600 ಒಂದು ಚಾರ್ಜಿನಲ್ಲಿ 970 ಫೋಟೋ ಎಂದು ಲೆಕ್ಕ ಕೊಡುತ್ತಿತ್ತು, ಸಣ್ಣ ಮಿರರ್‌ಲೆಸ್ ಬಾಡಿಗಳಲ್ಲಿ ಅದು ಸುಮಾರು 300ಕ್ಕೇ ಮುಗಿಯುತ್ತದೆ. ಧಾರೆಯ ಮುಂಚೆಯೇ ಎರಡನೆಯ ಬ್ಯಾಟರಿಗೆ ಕೈ ಹೋಗುತ್ತದೆ.

ಪ್ರಶ್ನೆ: ನಮ್ಮ ಭಾವ ದುಬೈನಿಂದ ಬರುವಾಗ ಕ್ಯಾಮೆರಾ ತರುತ್ತೇನೆ ಎನ್ನುತ್ತಾರೆ. ಅಲ್ಲಿ ಅಗ್ಗವಂತೆ, ಹೌದೇ?
(ಓದುಗರೊಬ್ಬರು, ಕುಂದಾಪುರ)

ಉತ್ತರ: ಮೊದಲಿನಷ್ಟು ವ್ಯತ್ಯಾಸವಿಲ್ಲ. 2019ರ ಜನವರಿಯಿಂದ ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅಲ್ಲಿ ಕೊಂಡ ಬಾಡಿಗೆ ಇಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ, ಬಹಳ ಸಲ ನಡೆಯುವುದಿಲ್ಲ. ವಿಮಾನ ನಿಲ್ದಾಣದ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಭಾವನವರಿಂದ ಒಂದು ಒಳ್ಳೆಯ ಟ್ರೈಪಾಡ್ ತರಿಸಿಕೊಂಡರೆ ಇಬ್ಬರಿಗೂ ನೆಮ್ಮದಿ.

ಪ್ರಶ್ನೆ: ಮಳೆಗಾಲ ಕಳೆದು ಲೆನ್ಸ್ ತೆಗೆದು ನೋಡಿದರೆ ಒಳಗೆ ಬಿಳಿಯ ಎಳೆಗಳು ಕಾಣುತ್ತಿವೆ. ಅಕ್ಕಿಯ ಡಬ್ಬದಲ್ಲಿ ಇಟ್ಟರೆ ಹೋಗುತ್ತದೆ ಎನ್ನುತ್ತಾರೆ.
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ಹತ್ತು ವರ್ಷಗಳಲ್ಲಿ ಮಲೆನಾಡಿನಿಂದ ಬಂದ ಪತ್ರಗಳನ್ನೆಲ್ಲ ಒಂದೆಡೆ ಹಾಕಿದರೆ ಮೇಲೆ ನಿಲ್ಲುವುದು ಈ ಪ್ರಶ್ನೆಯೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮಗೆ ಕಾಣುತ್ತಿರುವುದು ಫಂಗಸ್, ನಮ್ಮ ಮನೆಮಾತಿನ ಬೂಷ್ಟು. ಉಪ್ಪಿನಕಾಯಿ ಭರಣಿಯ ಬಾಯಿಗೆ, ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಹಿಡಿಯುವಂಥದ್ದೇ. ಗಾಳಿಯ ತೇವಾಂಶ ಶೇ 60 ದಾಟಿ ದಿನಗಟ್ಟಲೆ ಹಾಗೇ ಇದ್ದು, ಕತ್ತಲೂ ಇದ್ದು, ಗಾಳಿ ಆಡದಿದ್ದರೆ ಗಾಜಿನ ಮೇಲಿನ ಧೂಳು ಮತ್ತು ಜಿಡ್ಡೇ ಅದಕ್ಕೆ ಆಹಾರವಾಗುತ್ತದೆ. ನನ್ನದೇ ಒಂದು 18–55 ಲೆನ್ಸ್ ಕೊಪ್ಪದ ಹತ್ತಿರದ ನೆಂಟರ ಮನೆಯಲ್ಲಿ ಆಷಾಢ, ಶ್ರಾವಣ ಎರಡೂ ತಿಂಗಳು ಚರ್ಮದ ಚೀಲದೊಳಗೆ ಉಳಿದುಬಿಟ್ಟಿತ್ತು. ತಂದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡವು. ರಿಪೇರಿಗೆ ಕೊಟ್ಟೆ, ಎಳೆ ಹೋಯಿತು, ಆದರೆ ಅದು ಕೂತಿದ್ದ ಜಾಗದ ಲೇಪನವನ್ನು ತಿಂದುಹಾಕಿತ್ತು. ಈಗಲೂ ಎದುರು ಬೆಳಕಿಗೆ ಆ ಲೆನ್ಸ್ ಮಂಜು ಕವಿದಂತೆ ಫೋಟೋ ಕೊಡುತ್ತದೆ. ನಿಮ್ಮದನ್ನು ತಡಮಾಡದೆ ಬಿಚ್ಚಿ ಒರೆಸಬಲ್ಲವರ ಕೈಗೆ ಕೊಡಿ, ಅಲ್ಲಿಯವರೆಗೆ ಉಳಿದ ಲೆನ್ಸ್‌ಗಳ ಜೊತೆ ಇಡಬೇಡಿ.

ಅಕ್ಕಿಯ ಡಬ್ಬ ಬೇಡ. ಮಳೆಗಾಲದಲ್ಲಿ ಅಕ್ಕಿಯೂ ತೇವ ಹಿಡಿದಿರುತ್ತದೆ, ಅದರ ಹಿಟ್ಟು ಜೂಮ್ ಬಳೆಯ ಸಂದಿಗೆ ಸೇರುತ್ತದೆ. ಅಂಚಿಗೆ ರಬ್ಬರ್ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಒಂದು, ಒಳಗೆ ತೇವಾಂಶ ತೋರಿಸುವ ಚಿಕ್ಕ ಮಾಪಕ ಒಂದು, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಕಾಲು ಕಿಲೊ ಇದ್ದರೆ ಸಾಕು. ಮಾಪಕ ಶೇ 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ತೀರಾ ಕೆಳಗೆ ಹೋದರೆ ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಅದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ, ಆದರೆ ಆ ಬಾಣಲೆಯನ್ನು ಮತ್ತೆ ಒಗ್ಗರಣೆಗೆ ಬಳಸಬೇಡಿ. ಚರ್ಮದ ಚೀಲವನ್ನು ಡಬ್ಬದ ಹೊರಗೇ ಇಡಿ. ನಾಲ್ಕೈದು ಲೆನ್ಸ್ ಇರುವವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು, ಆದರೆ ಕರೆಂಟು ಹೋಗಿ ಮೂರು ದಿನ ಬಾರದ ಊರಿನಲ್ಲಿ ನನಗೆ ಡಬ್ಬದ ಮೇಲೆಯೇ ಹೆಚ್ಚು ನಂಬಿಕೆ.

ಪ್ರಶ್ನೆ: ಮಂಡಗದ್ದೆಯ ಹಕ್ಕಿಗಳಿಗೆ 50 ಎಂಎಂ ಲೆನ್ಸ್ ಸಾಕೇ?
(ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಸಾಲದು. ತುಂಗೆಯ ನಡುವಿನ ಮರಗಳನ್ನು ದಡದಿಂದ ತೆಗೆಯಬೇಕು, ದೂರದ್ದನ್ನು ಹತ್ತಿರ ಎಳೆದು ತೋರಿಸುವ 400 ಎಂಎಂ ಆದರೂ ಬೇಕು. ನಿಮ್ಮಲ್ಲಿರುವುದರಿಂದ ಹೊಳೆ, ದೋಣಿ ಮತ್ತು ಹಕ್ಕಿ ನೋಡಲು ಬಂದವರ ಮುಖಗಳನ್ನು ತೆಗೆದು ಕಳುಹಿಸಿ.

ಪ್ರಶ್ನೆ: ಹತ್ತು ವರ್ಷ ನಮಗೆಲ್ಲ ಸಲಹೆ ಕೊಟ್ಟಿರಿ. ನೀವು ಕೊಂಡದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ದಂಡವಾಯಿತು?
(ನಿವೃತ್ತ ಶಿಕ್ಷಕಿ, ಬಳ್ಳಾರಿ)

ಉತ್ತರ: ಮೇಷ್ಟ್ರಮ್ಮನವರ ಪ್ರಶ್ನೆಗೆ ಸುಳ್ಳು ಹೇಳುವಂತಿಲ್ಲ. ಉಪಯೋಗಕ್ಕೆ ಬಂದದ್ದು ಅಂಕಣ ಶುರುವಾದ ವರ್ಷವೇ ಹೊರಬಂದ ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ ಲೆನ್ಸ್. ಇದರ ಮೊದಲ ರೂಪ 1987ರದು, ಪ್ಲಾಸ್ಟಿಕ್ ಮೌಂಟಿನ ಎರಡನೆಯದು 1990ರದು, ಮೂರನೆಯದರಲ್ಲಿ ಲೋಹದ ಮೌಂಟ್ ಮರಳಿ ಬಂತು. ತೂಕ 160 ಗ್ರಾಂ, ನಾನು ಕೊಟ್ಟದ್ದು ಹತ್ತು ಸಾವಿರದೊಳಗೆ. ನನ್ನ ಕ್ಯಾಮೆರಾದ ಚಿಕ್ಕ ಸೆನ್ಸರ್‌ನಲ್ಲಿ ಅದು 80 ಎಂಎಂನಂತೆ ಹತ್ತಿರ ಎಳೆದು ನೋಡುವುದರಿಂದ ಅಡುಗೆಮನೆಯಲ್ಲಿ ಬೆನ್ನು ಗೋಡೆಗೆ ತಾಗುವವರೆಗೂ ಹಿಂದೆ ಸರಿಯಬೇಕು. ಹಾಗೆ ಸರಿದು ನಿಂತೇ ನಮ್ಮಮ್ಮ ಅವರೆಕಾಳು ಹಿತಕುತ್ತಿದ್ದ ಫೋಟೋ ತೆಗೆದದ್ದು. ಕಿಟಕಿಯ ಬೆಳಕು ಬೆರಳ ತುದಿಯ ಒದ್ದೆಯ ಮೇಲೆ ಬಿದ್ದಿತ್ತು, ಹಿಂದಿನ ಪಾತ್ರೆಗಳ ಸಾಲು ಕರಗಿಹೋಗಿತ್ತು. ಈ ಲೆನ್ಸ್ ಎಷ್ಟೋ ವರ್ಷ ಮಾರಾಟದ ಪಟ್ಟಿಗಳಲ್ಲಿ ಇತ್ತು, ಆ ಒಂದು ವಿಷಯದಲ್ಲಿ ಪಟ್ಟಿಯೂ ನಾನೂ ಒಪ್ಪಿದ್ದೇವೆ. ಇದರ ನಂತರದ ಸ್ಥಾನ ಧೂಳು ಊದುವ ರಬ್ಬರ್ ಬ್ಲೋವರ್‌ಗೆ.

ದಂಡವಾದದ್ದು ಜಿಂಬಲ್, ಅಂದರೆ ನಡೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರಿನ ಹಿಡಿಕೆ. ವಿಡಿಯೊ ಮಾಡುತ್ತೇನೆಂದು ಉತ್ಸಾಹದಲ್ಲಿ ಕೊಂಡು, ಪ್ರತಿ ಸಲ ಲೆನ್ಸ್ ಬದಲಾಯಿಸಿದಾಗಲೂ ತೂಕ ಸರಿದೂಗಿಸುತ್ತ ಕೂರುವುದರಲ್ಲೇ ಜಾತ್ರೆಯ ತೇರು ಮುಂದೆ ಹೋಗಿಬಿಟ್ಟಿತು. ಈಗ ಅದು ಮಗಳ ಮೇಜಿನ ಮೇಲೆ ಟೇಬಲ್ ಲ್ಯಾಂಪಿನ ವೈರು ಸುತ್ತಿಡಲು ಬಳಕೆಯಾಗುತ್ತಿದೆ.

(ಪ್ರಶ್ನೆ ಕಳುಹಿಸುವವರು ಕ್ಯಾಮೆರಾದ ಮಾದರಿಯನ್ನೂ ಕೊಂಡ ವರ್ಷವನ್ನೂ ತಪ್ಪದೆ ಬರೆಯಬೇಕಾಗಿ ವಿನಂತಿ. ‘ಕಪ್ಪು ಬಣ್ಣದ ದೊಡ್ಡ ಕ್ಯಾಮೆರಾ’ ಎಂದಷ್ಟೇ ಬರೆದ ಮೂರು ಪತ್ರಗಳು ಇನ್ನೂ ನನ್ನ ಬಳಿ ಉಳಿದಿವೆ.)