ಅಪಘಾತವಾಗಿ ಐದು ತಿಂಗಳಾಯಿತು, ಪರಿಹಾರಕ್ಕೆ ಈಗ ಅರ್ಜಿ ಹಾಕಬೇಕೇ, ಚಿಕಿತ್ಸೆ ಮುಗಿದ ಮೇಲೆಯೇ?

ನೀವು ಬರೆದಿರುವುದು ಇಷ್ಟು: ಮೂಡಿಗೆರೆಯ ನಿಮ್ಮ ತಮ್ಮನಿಗೆ 28 ವರ್ಷ, ತೋಟಗಳಲ್ಲಿ ಮರಗಸಿ (ನೆರಳುಮರಗಳ ಕೊಂಬೆ ಸವರುವುದು), ಮೆಣಸು ಕೊಯ್ಲಿನ ಕೆಲಸ. ಸಕಲೇಶಪುರದ ಹತ್ತಿರ ಅವನ ಬೈಕಿಗೆ ಪಿಕಪ್ ಗುದ್ದಿ ತೊಡೆಮೂಳೆ ಮುರಿದಿದೆ. ಎಫ್‌ಐಆರ್ ಆದದ್ದು ನಾಲ್ಕನೇ ದಿನ. ಆಸ್ಪತ್ರೆಯ ಚೀಟಿಯಲ್ಲಿ ‘ಬೈಕ್ ಸ್ಕಿಡ್’ ಎಂದಿದೆ. ಕಾಲಿನೊಳಗಿನ ರಾಡ್ ತೆಗೆಸಿ ಆಮೇಲೆ ಕೇಸ್ ಹಾಕೋಣ ಎಂದುಕೊಂಡಿದ್ದೀರಿ.

ರಾಡ್ ತೆಗೆಸುವವರೆಗೆ ಕಾಯಬೇಡಿ, ಈ ತಿಂಗಳೇ ಹಾಕಿ. ‘ಗಡುವೇ ಇಲ್ಲ’ ಎಂದು ನಿಮಗೆ ಹೇಳಿದವರದ್ದು ಹಳೆಯ ಲೆಕ್ಕ. 1994ರ ತಿದ್ದುಪಡಿ ಗಡುವನ್ನು ತೆಗೆದಿತ್ತು ನಿಜ. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮಿನ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಈ ಕಲಮನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನೆಚ್ಚಿಕೊಂಡು ಕೂರುವುದು ಅಪಾಯ. ಅದೂ ಅಲ್ಲದೆ ಬಡ್ಡಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಲೆಕ್ಕ, ತಡ ಮಾಡಿದಷ್ಟು ದಿನದ ಬಡ್ಡಿ ಹೋಯಿತು. ರಾಡ್ ತೆಗೆಸುವ ಖರ್ಚಿಗೆ ವೈದ್ಯರಿಂದ ಅಂದಾಜು ಬರೆಸಿಕೊಂಡು ಮುಂದಿನ ಚಿಕಿತ್ಸೆಯ ಬಾಬ್ತಿನಲ್ಲಿ ಕೇಳಬಹುದು.

ಎಲ್ಲಿ ಹಾಕಬೇಕು? ಅಪಘಾತ ಹಾಸನ ಜಿಲ್ಲೆಯಲ್ಲಿ ಆದರೂ, ನಿಮ್ಮ ತಮ್ಮನ ವಾಸ ಮೂಡಿಗೆರೆ ಆದ್ದರಿಂದ ಚಿಕ್ಕಮಗಳೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. ಮುರಿದ ಕಾಲಿನಲ್ಲಿ ವಾಯಿದೆಗೆಲ್ಲ ಹಾಸನಕ್ಕೆ ಅಲೆಯಬೇಕಿಲ್ಲ.

ಇನ್ನು ‘ಬೈಕ್ ಸ್ಕಿಡ್’ ಎಂಬ ಆ ಎರಡು ಪದ. ವಿಮಾ ಕಂಪನಿಯ ವಕೀಲರು ಮೊದಲು ಹಿಡಿಯುವುದೇ ಅದನ್ನು: ತಾನೇ ಜಾರಿ ಬಿದ್ದ, ಆಮೇಲೆ ಪಿಕಪ್ ಸೇರಿಸಿ ದೂರು ಕೊಟ್ಟರು ಎನ್ನುತ್ತಾರೆ. ನಾಲ್ಕು ದಿನ ತಡವಾದ ಎಫ್‌ಐಆರ್ ಆ ವಾದಕ್ಕೆ ಬಲ ಕೊಡುತ್ತದೆ. ದಯವಿಟ್ಟು ಆಸ್ಪತ್ರೆಗೆ ಹೋಗಿ ಚೀಟಿ ತಿದ್ದಿಸಬೇಡಿ, ತಿದ್ದಿದ ಚೀಟಿ ಇಡೀ ಕೇಸನ್ನು ಮುಳುಗಿಸುತ್ತದೆ. ಬದಲಿಗೆ ಪೂರ್ತಿ ಕೇಸ್ ಶೀಟಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ವಿವರ ಹೇಳಿದ್ದು ಯಾರು ಎಂದು ಅದರ ಮೊದಲ ಪುಟದಲ್ಲಿ ನೋಡಿ. ಎಷ್ಟೋ ಸಲ ಅಪಘಾತವನ್ನೇ ನೋಡದ, ಆಸ್ಪತ್ರೆಗೆ ತಂದು ಬಿಟ್ಟವರು ಹೇಳಿದ ಮಾತು ಅಲ್ಲಿ ಸೇರಿರುತ್ತದೆ. ಆಸ್ಪತ್ರೆಯಿಂದ ಠಾಣೆಗೆ ಹೋದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ಮಾಹಿತಿಯ ಪ್ರತಿ, ಸ್ಥಳ ಮಹಜರು, ಎರಡೂ ವಾಹನಗಳ ಐಎಂವಿ (ಮೋಟಾರು ವಾಹನ ನಿರೀಕ್ಷಕರ) ತಪಾಸಣಾ ವರದಿ ಬೇಕೇ ಬೇಕು. ಪಿಕಪ್‌ನ ಎಡಬದಿ ಜಖಂ, ಬೈಕಿನ ಬಲಬದಿ ಜಖಂ ಹೊಂದಿಕೊಂಡರೆ ‘ಸ್ಕಿಡ್’ ವಾದ ಸೊರಗುತ್ತದೆ. 108ರಲ್ಲಿ ಕರೆತಂದಿದ್ದರೆ ಕರೆಯ ಸಮಯ, ಸ್ಥಳದ ದಾಖಲೆಯನ್ನು ನ್ಯಾಯಮಂಡಳಿಯ ಮೂಲಕ ತರಿಸಬಹುದು. ತಡವಾದ ಎಫ್‌ಐಆರ್ ಒಂದೇ ಕಾರಣಕ್ಕೆ ಕೇಸ್ ಬೀಳುವುದಿಲ್ಲ. ಆಪರೇಷನ್ ನಡೆಯುತ್ತಿತ್ತು, ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು ಎಂಬ ಕಾರಣ ದಾಖಲೆಗೆ ತಾಳೆಯಾಗಬೇಕು, ಅಷ್ಟೇ.

ಗಾಯಾಳುವನ್ನು ಎತ್ತಿ ತಂದವರು ಸಾಕ್ಷಿ ಹೇಳಲು ಕೋರ್ಟಿಗೆ ಬರಲು ಹೆದರುವುದು ಸಹಜ. ಇಂಥವರನ್ನು ಕಾಪಾಡಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು, ಕೇಂದ್ರ ಕಾಯ್ದೆಯಲ್ಲೂ 134ಎ ಕಲಮು ಬಂದಿದೆ. ಬಲವಂತ ಸಲ್ಲದು, ವಿನಯದಿಂದ ಕೇಳಿ.

ಠಾಣೆಯಲ್ಲಿ ಇನ್ನೊಂದು ವಿಚಾರಿಸಿ. 2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿಸ್ತೃತ ವರದಿ (ಡಿಎಆರ್) ನ್ಯಾಯಮಂಡಳಿಗೆ ಕಳಿಸಬೇಕು. ಐದು ತಿಂಗಳಾಗಿರುವುದರಿಂದ ಅದು ಹೋಗಿರಬೇಕು. ಅದನ್ನೇ ಅರ್ಜಿ ಎಂದು ಪರಿಗಣಿಸಲು ಅವಕಾಶ ಇದೆ, ಆದರೂ ನಿಮ್ಮದೇ ಅರ್ಜಿ ಹಾಕಿ.

ವಿಮಾ ಕಂಪನಿಯವರು 164ನೇ ಕಲಮಿನ ಎರಡೂವರೆ ಲಕ್ಷಕ್ಕೆ ರಾಜಿ ಮಾತಾಡಬಹುದು. ಗಂಭೀರ ಗಾಯಕ್ಕೆ ಯಾರ ತಪ್ಪು ಎಂದು ಸಾಬೀತು ಮಾಡದೆ ಸಿಗುವ ಮೊತ್ತ ಅದು. ಒಪ್ಪಿ ತೆಗೆದುಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಹಾಗಾಗಿ ಸಹಿಗೆ ಮೊದಲು ಲೆಕ್ಕ ಹಾಕಿ. ತಿಂಗಳ ದುಡಿಮೆ 15,000 ಎಂದಿಟ್ಟುಕೊಳ್ಳಿ. 28ನೇ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ) 17, ದುಡಿಯುವ ಶಕ್ತಿ 20% ಕುಂದಿದೆ ಎಂದರೆ 15,000 × 12 × 17ರ 20%, ಅಂದರೆ 6,12,000. ಮುಂದೆ ಹೆಚ್ಚಬಹುದಾದ ಆದಾಯಕ್ಕೆ 40% ಸೇರಿಸಿದರೆ 8,56,800. ಆಸ್ಪತ್ರೆ ಬಿಲ್ಲು, ನೋವು, ಕೆಲಸವಿಲ್ಲದ ತಿಂಗಳುಗಳ ಕೂಲಿ ಇದರ ಮೇಲೆ.

ಆ ಶೇಕಡಾವಾರು ತಾನಾಗಿ ಬರುವುದಿಲ್ಲ. ವೈದ್ಯರು ಕಾಲಿಗೆ ಕೊಟ್ಟ ಪ್ರಮಾಣವನ್ನು ಇಡೀ ದೇಹಕ್ಕೆ ಮೂರನೇ ಒಂದರಂತೆ ಇಳಿಸುವ ರೂಢಿ ಇದೆ. ನ್ಯಾಯಮಂಡಳಿ ನೋಡಬೇಕಾದ್ದು ಗಾಯ ಕಸುಬಿಗೆ ಎಷ್ಟು ಪೆಟ್ಟು ಕೊಟ್ಟಿತು ಎಂಬುದನ್ನು. ಮೇಜಿನ ಕೆಲಸದವರಿಗೆ ಕುಂಟುಗಾಲು ಒಂದು ತೊಡಕು, ಸಿಲ್ವರ್ ಓಕ್‌ಗೆ ಏಣಿ ಹಾಕಿ ಮೆಣಸು ಬಿಡಿಸುವವರಿಗೆ ಕಸುಬೇ ಹೋದಂತೆ. ಇದನ್ನು ಹೇಳಲು ತೋಟದ ರೈಟರ್ (ಲೆಕ್ಕ, ಹಾಜರಿ ಬರೆಯುವವರು) ಹಾಜರಿ ಪುಸ್ತಕ ಸಮೇತ ಸಾಕ್ಷಿ ನುಡಿಯಬೇಕು, ಪ್ರಮಾಣಪತ್ರ ಕೊಟ್ಟ ವೈದ್ಯರೂ ಬರಬೇಕು. ಬರೀ ಕಾಗದ ಇಟ್ಟು ಬಂದರೆ ಮೊತ್ತ ಅರ್ಧಕ್ಕೆ ಇಳಿಯುವುದು ಇಲ್ಲೇ.

ಬಂದ ಹಣದಲ್ಲಿ ಇಷ್ಟು ಪಾಲು ಎಂದು ವಕೀಲರು ಶುಲ್ಕ ಗೊತ್ತು ಮಾಡಿಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಅದನ್ನು ತಡೆಯುತ್ತದೆ. ಶುಲ್ಕ ಹೊಂದಿಸಲು ಆಗದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಅರ್ಜಿ ದಾಖಲಾದ ದಿನವೇ ಎಂವಿಸಿ ನಂಬರ್ (ನಿಮ್ಮ ಕೇಸಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು ಎಂದು ಮನೆಯಲ್ಲೇ ನೋಡಬಹುದು.